ಇವರು ಕಾಣದ ಗೋಲು

ಡಿಸೆಂಬರ್ 9, ನಸುಕಿನ 2.40

ಧಪ್... ಧಪ್... ಅಂಗಳದ ಗೋಡೆಗೆ ಚೆಂಡು ಬಡಿಯುವ ಸದ್ದು. ಅದಕ್ಕೇ ಎಚ್ಚರ. ಕೂಸು ಈಗಷ್ಟೇ ಮಲಗಿತ್ತು. ಹೋಗಿ ನೋಡಿದರೆ ಇವರು. ಲುಂಗಿ, ಬರಿಗಾಲು. ಪುಟಿದು ಬಂದ ಚೆಂಡಿಗೆ ಹಣೆ ಕೊಡುತ್ತಿದ್ದಾರೆ. ಕಣ್ಣು ತೆರೆದೇ ಇದೆ, ನನ್ನನ್ನು ಕಾಣಲಿಲ್ಲ.

"ಪ್ರಮೋದ, ಕ್ರಾಸ್ ಹಾಕಲೇ. ಇನ್ನೂ ಟೈಮ್ ಐತಿ."

ಫುಟ್‌ಬಾಲ್ ಬಿಟ್ಟು ಆರು ವರ್ಷ. ಜೊತೆಗೆ ಆಡುತ್ತಿದ್ದ ಪ್ರಮೋದಣ್ಣ ಸಿದ್ದಾಪುರದ ಮನೆಯಲ್ಲಿ ಮಲಗಿರಬೇಕು. ತೋಳು ಹಿಡಿದೆ. ಸುಮ್ಮನೆ ಬಂದು ಮಲಗಿದರು. ನನಗೆಲ್ಲಿ ನಿದ್ದೆ.

ಡಿಸೆಂಬರ್ 9, ಸಂಜೆ

ಬೆಳಿಗ್ಗೆ ಕೇಳಿದರೆ ನಗು. "ನಿನಗ ಕನಸು ಬಿದ್ದಿರಬೇಕು." ಹಣೆಯಲ್ಲಿ ಕೆಮ್ಮಣ್ಣು ಹಾಗೇ ಇತ್ತು. ನಾನೇ ಒರೆಸಿದೆ.

ಹೋದ ತಿಂಗಳಷ್ಟೇ ಹುಬ್ಬಳ್ಳಿ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದು — ಆಟದ ದಿನಗಳ ಪೆಟ್ಟೆಲ್ಲ ಒಳಗೇ ಕೂತಿದೆ, ಇನ್ನು ತಲೆಗೆ ಏನೂ ತಾಗಬಾರದು, ಚೆಂಡೂ ಪೆಟ್ಟೇ. ಆಗ ಇವರು ಹೂಂ ಅಂದಿದ್ದರು. ಈಗ ಹುಬ್ಬಳ್ಳಿಗೆ ಹೋದದ್ದೇ ನೆನಪಿಲ್ಲ.

ಅತ್ತೆ ರೊಟ್ಟಿ ಬಡಿಯುತ್ತ, "ಆ ತಲೀನ ಊರಿಗೆ ಹೆಸರು ತಂದೈತಿ. ನೀ ಬಂದು ಅದಕ್ಕ ರೋಗ ಹಚ್ಚಿದಿ ನೋಡವಾ," ಅಂದರು.

'ಶಿರಸಿಯ ಶಿರ' — ಪೇಪರಿನವರು ಹಾಗೇ ಬರೆಯುತ್ತಿದ್ದರು. ಕಾಲಲ್ಲಿ ಹೊಡೆದ ಗೋಲು ಯಾರಿಗೂ ಬೇಡ.

ಡಿಸೆಂಬರ್ 14

ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನವನು ಔಷಧಿ ಕೊಡುವ ಮೊದಲು, "ಸರ್, ಆ ಫೈನಲ್ ಗೋಲು ಒಮ್ಮೆ ಹೇಳಿ."

ಹೇಳಿದರು. ಎಡಗಡೆಯಿಂದ ಎತ್ತರಕ್ಕೆ ತೇಲಿ ಬಂದ ಪ್ರಮೋದನ ಕ್ರಾಸ್, ಇಬ್ಬರು ಡಿಫೆಂಡರುಗಳ ನಡುವೆ ಜಿಗಿತ, ಹಣೆಯಿಂದ ಗೋಲಿನ ಬಲಮೂಲೆಗೆ. ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಯಾವಾಗಲೂ ಅವೇ ಮಾತು, ಒಂದಕ್ಷರ ಆಚೆಈಚೆ ಇಲ್ಲ. ಶಾಲೆಯ ಬಾಯಿಪಾಠದ ಹಾಗೆ... ಇವತ್ತು ಯಾಕೋ ಅದು ನೆನಪಿನ ಹಾಗೆ ಕೇಳಲಿಲ್ಲ.

ಡಿಸೆಂಬರ್ 15

ಯಾವಾಗಲೂ ಅವೇ ಮಾತು ಯಾಕೆ ಅಂತ ಕೇಳಿಯೇ ಬಿಟ್ಟೆ. ಕೂಸಿನ ಪಾದ ಹಿಡಿದುಕೊಂಡು ಹೇಳಿದರು.

"ಆ ಗೋಲು ನಾ ನೋಡೇ ಇಲ್ಲ ಗಂಗಾ."

ಫಸ್ಟ್ ಹಾಫಿನಲ್ಲೇ ಯಾರದೋ ಮೊಣಕೈ ಬಡಿದು ಬಿದ್ದರಂತೆ. ನೀರು ಸುರಿದು, ಸ್ಪ್ರೇ ಹೊಡೆದು ಮತ್ತೆ ಇಳಿಸಿದರು. ಅಲ್ಲಿಂದ ಮುಂದೆ ಖಾಲಿ. ತಿಳಿವು ಬಂದಾಗ ಜನರ ಹೆಗಲ ಮೇಲಿದ್ದರು.

"ಕೊರಳಾಗ ಹಾರ. ಸುತ್ತ ಮಂದಿ ಒದರಾಕ ಹತ್ತಿದ್ರು. ನಮ್ಮೋರು ಹೆಣಾನೂ ಹಂಗ ಕೂಡಿಸಿ ಒಯ್ತಾರಲ್ಲ... ನಾ ಸತ್ತೀನಿ ಅಂದ್ಕೊಂಡೆ."

"ವಿಡಿಯೋ ಐತಲ್ರಿ?"

"ಅದರಾಗ ಇರಾಂವ ಯಾವನೋ ಬ್ಯಾರೆ. ಎಲ್ಲಾರ ಕಣ್ಣಾಗ ಐತಿ ಆ ಗೋಲು. ನನ್ನ ಕಣ್ಣಾಗ ಇಲ್ಲ."

ಆ ಗೋಲಿನ ಬಗ್ಗೆ ಕೇಳಿದ ಕಥೆಯನ್ನೇ ಇಷ್ಟು ವರ್ಷ ಹೇಳುತ್ತಿದ್ದಾರೆ. ಅದನ್ನು ಇವರಿಗೆ ಹೇಳಿಕೊಟ್ಟವರು ಪ್ರಮೋದಣ್ಣ.

ಡಿಸೆಂಬರ್ 18

ಭಾನುವಾರ ಯಲ್ಲಾಪುರದಲ್ಲಿ ಹಳೆಯ ಆಟಗಾರರ ಪಂದ್ಯ, ಇವರಿಗೆ ಸನ್ಮಾನ. ಕರೆಯಲು ಪ್ರಮೋದಣ್ಣನೇ ಬಂದಿದ್ದರು.

"ಎಂತ ಅತ್ತಿಗೆ, ಮುಖ ಇಷ್ಟು ಸಣ್ಣ ಮಾಡಿದ್ರಿ? ಇಷ್ಟು ದೊಡ್ಡ ಸ್ಟ್ರೈಕರ್ ಇನ್ನು ಡೈಪರ್ ಬದಲಿಸಕ್ಕೆ ಮಾತ್ರನಾ?"

"ಇವರು ಆಡೋದಿಲ್ಲ ತಾನೆ?"

"ಶಾಲು ಹೊದ್ಕಂಡು ಕೂರದು. ಮತ್ತೆಂತದೂ ಇಲ್ಲೆ."

ಡಾಕ್ಟರ ಮಾತು ತೆಗೆಯಹೊರಟೆ. ಇವರು ನನ್ನತ್ತ ನೋಡಿದರು. ಮಾತು ಅಲ್ಲಿಗೇ ಬಿಟ್ಟು ಚಹಾ ಮಾಡಲು ಒಳಗೆ ಹೋದೆ.

ಡಿಸೆಂಬರ್ 21, ರಾತ್ರಿ 1.15

ಸಂಜೆಯ ಬಸ್ಸಿಗೆ ಹೋದರು. ಚೀಲದಲ್ಲಿ ಬೂಟು! ಬಸ್ ಸ್ಟ್ಯಾಂಡಿನಲ್ಲಿ ಕಂಡೆ.

"ಪ್ರಮೋದ ಅದೇ ಕ್ರಾಸ್ ಹಾಕ್ತಾನ. ಅದೇ ಎಡಗಡಿಂದ. ಒಂದ ಸಲ ಹಣಿಗೆ ತಾಗಿದ್ರ ಎಲ್ಲಾ ನೆನಪಾಕ್ಕೈತಿ."

"ಡಾಕ್ಟರು ಬ್ಯಾಡ ಅಂದಾರ್ರಿ."

"ಯಾವ ಡಾಕ್ಟರು?"

ಬಸ್ ಹೊರಟಿತು. ಕಂಕುಳಲ್ಲಿ ಕೂಸು, ಮೈ ಕೆಂಡದಂತೆ ಸುಡುತ್ತಿತ್ತು. ಹತ್ತಲಾಗಲಿಲ್ಲ.

ಹೊರಡುವಾಗ ಅತ್ತೆಯ ಕಾಲಿಗೆರಗಿ, "ಅಪ್ಪ ಎಲ್ಲಿ ಹೋಗ್ಯಾನ?" ಅಂದರಂತೆ. ಮಾವ ತೀರಿ ಎಷ್ಟೋ ವರ್ಷವಾಯಿತು. ಅತ್ತೆ ಆಗಿನಿಂದ ದೇವರ ಮುಂದೆ ಕೂತಿದ್ದಾರೆ. "ಮತ್ತೊಮ್ಮೆ ಹಚ್ಚು ಮಗಳ, ಫೋನ್ ಹಚ್ಚು."

ಇವರ ಫೋನ್ ಮನೆಯಲ್ಲೇ ಇದೆ, ಚಾರ್ಜಿಗೆ ಹಾಕಿ ಮರೆತಿದ್ದಾರೆ. ಪ್ರಮೋದಣ್ಣನದು ಸ್ವಿಚ್ ಆಫ್. ಮೆಸೇಜಿಗೆ ಒಂದೇ ಟಿಕ್, ಇನ್ನೂ ತಲುಪಿಲ್ಲ. ಪಂದ್ಯ ಬೆಳಿಗ್ಗೆ ಏಳಕ್ಕೆ.

ಪ್ರಮೋದಣ್ಣ, ಇದನ್ನು ನೀವು ಓದುವುದಿಲ್ಲ, ಗೊತ್ತು. ಬರೆಯದೆ ಇರಲಾಗುತ್ತಿಲ್ಲ. ಚೆಂಡು ಎತ್ತರಕ್ಕೆ ಹಾಕಬೇಡಿ. ನೆಲದ ಮೇಲೇ ಕೊಡಿ. ಬೈದರೂ, ಅತ್ತರೂ ನೆಲದ ಮೇಲೇ. ನಾಳೆ ಇವರಿಗೆ ಈ ಕೂಸು ಯಾರದೆಂದು ಗೊತ್ತಿರಬೇಕು, ಅಷ್ಟೇ ಸಾಕು ನನಗೆ. ನೀರು ಕುಡಿಯಲೆಂದಾದರೂ ಎದ್ದರೆ ಫೋನ್ ಆನ್ ಮಾಡಿ. ಬೆಳಗಾಗುವುದರೊಳಗೆ ಕಾಲ್ ಮಾಡಿ. ಎಷ್ಟೊತ್ತಾದರೂ ಸರಿ, ನಾನು ಎದ್ದೇ ಇರುತ್ತೇನೆ, ದಯವಿಟ್ಟು ಒಂದೇ ಒಂದು —