‘ಗಾಡಿ ನಿಲ್ಸು’ ಅಂದ ಬಗೆ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಈಗ ನೀನು ನಿರ್ದೇಶಕಿ, ಎಲ್ಲರೂ ಮೇಡಂ ಅನ್ನುತ್ತಾರೆ. ನನ್ನ ಬಾಯಿಗೆ ಕಾಲೇಜಿನ ಹೆಸರೇ ಬರುತ್ತದೆ, ಸಹಿಸಿಕೋ.

ನಾನು ದನಿ ಕೊಟ್ಟು ಮುಗಿಸಿದ ನಿನ್ನ ಚಿತ್ರದ ನಾಯಕಿಗೆ ಈಗ ಬೇರೊಬ್ಬಳಿಂದ ದನಿ ಕೊಡಿಸಲು ಸೋಮವಾರ ಸ್ಟುಡಿಯೋ ಹಿಡಿದಿದ್ದೀಯಂತೆ. ಮ್ಯಾನೇಜರ್ ಫೋನಿನಲ್ಲಿ ತಿಳಿಸಿದರು. ಮಗು ತೊಡೆಯ ಮೇಲೆ ಮಲಗಿದೆ, ಅದಕ್ಕೇ ಅಕ್ಷರ ಸೊಟ್ಟ. ನಾಲ್ಕು ತಿಂಗಳಿಂದ ನಿದ್ದೆಯಿಲ್ಲ. ಅದು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮೂಗಿನ ಹತ್ತಿರ ಬೆರಳಿಟ್ಟು ನೋಡುವವಳು ನಾನು. ಆದರೆ ಕೆಲಸದ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ನಮ್ಮ ಜಗಳ ಒಂದೇ ಒಂದು ಸಾಲಿನದು. ಮೂರು ದಿನ ಒಂದೇ ಕಾರಿನಲ್ಲಿ ಬಂದ ಹುಡುಗ, ಹುಡುಗಿ. ಸಮುದ್ರ ಕಂಡ ಕೂಡಲೇ ಬೇರೆಯಾಗುವುದೆಂದು ಮೊದಲೇ ಮಾತಾಡಿಕೊಂಡವರು. ಸಮುದ್ರ ಕಂಡಿತು. “ಗಾಡಿ ನಿಲ್ಸು, ನಾನು ಇಳೀತೀನಿ” ಎಂದು ಅವಳು ಕಿರುಚಬೇಕೆಂದು ನೀನು ಬರೆದಿದ್ದೆ. ನಾನು ಪಿಸುಗುಟ್ಟಿದೆ. ಮತ್ತೆ ಹೇಳು ಎಂದೆ ನೀನು, ನನ್ನದು ಮತ್ತೂ ಪಿಸುಮಾತೇ. ಮಗು ಮಲಗಿರುವ ಮನೆಯಲ್ಲಿದ್ದು ಕಿರುಚುವುದೇ ಮರೆತುಹೋಗಿದೆ ಎಂದು ನಾನು ಹೇಳಿದಾಗ ನೀನು ನಗಲಿಲ್ಲ. ನನ್ನ ಗಂಡ ಮಾತ್ರ ನಗುತ್ತಾನೆ. “ನಿಮ್ಮಮ್ಮ ಗೂಢಚಾರಿ ಕಣೋ, ಉಪ್ಪು ಕೇಳೋದೂ ಗುಟ್ಟಾಗೇ” ಎಂದು ಮಗುವಿಗೆ ಚಾಡಿ ಹೇಳುತ್ತಾನೆ.

ತುಟಿ ಹೊಂದುವುದಿಲ್ಲ ಎನ್ನಬೇಡ. ಆ ಶಾಟ್ ಹಿಂದಿನ ಸೀಟಿನಿಂದ ತೆಗೆದದ್ದು, ಅವಳ ಕತ್ತಷ್ಟೇ ಕಾಣುತ್ತದೆ. ನಿನ್ನ ಕಥೆಯಲ್ಲಿ ಹುಡುಗ ಗಾಡಿ ನಿಲ್ಲಿಸುವುದಿಲ್ಲ, ಅಲ್ಲವೇ? ಅವಳು ಕಿರುಚಿದ ಮೇಲೂ ನಿಲ್ಲಿಸದಿದ್ದರೆ ಅವನೆಂಥ ಒರಟ! ಅವಳು ಪಿಸುಗುಟ್ಟಲಿ, ಅವನು ಕೇಳಿಸದವನ ಹಾಗೆ ಓಡಿಸಲಿ. ಆಗ ಇಬ್ಬರಿಗೂ ಇಳಿಯುವ ಮನಸ್ಸಿಲ್ಲವೆಂದು ಥಿಯೇಟರಿನ ಕೊನೆಯ ಸಾಲಿನಲ್ಲಿ ಕೂತವನಿಗೂ ಗೊತ್ತಾಗುತ್ತದೆ.

ಇದೊಂದು ಸಾಲಿಗಾಗಿ ಇಡೀ ಚಿತ್ರದ ದನಿ ಬದಲಾಯಿಸಲು ಹೊರಟಿದ್ದೀಯ. ಅದಕ್ಕೆ ಮುಂಚೆ ನನ್ನ ಪಿಸುಮಾತನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳು.

ನಿನ್ನ,
ಕಾಗೆ

ತಾ.ಕ.: ಕಿರುಚುವುದು ಮರೆತಿದೆ ಎಂದದ್ದು ಸುಳ್ಳು. ಅವತ್ತು ರೆಕಾರ್ಡಿಂಗಿಗೆ ನೀನು ಬರುವ ಮೊದಲು, ನೀನು ಬರೆದ ಹಾಗೆಯೇ ಕಿರುಚಿದ್ದೆ, ಚೆನ್ನಾಗಿಯೇ ಬಂದಿತ್ತು. ನಿನಗೆ ಕೇಳಿಸಬೇಡಿ ಎಂದು ಸೌಂಡ್ ಎಂಜಿನಿಯರ್‌ಗೆ ನಾನೇ ಹೇಳಿದೆ. ಆ ಟೇಕ್ ಅವರ ಹತ್ತಿರವೇ ಇದೆ. ಬೇಕಿದ್ದರೆ ಹಾಕಿಕೋ, ಸೋಮವಾರ ಯಾರನ್ನೂ ಕರೆಯಬೇಕಾಗಿಲ್ಲ. ಆದರೆ ಟೈಟಲ್ಲಿನಿಂದ ನನ್ನ ಹೆಸರು ತೆಗೆದುಬಿಡು.