ಒಯ್ಯದೆ ಓದಿದವರ ಕಪಾಟು

ಮಕ್ಕಳ ಗ್ರಂಥಾಲಯದ ಮಾನ್ಯ ಮುಖ್ಯಸ್ಥರೇ,

ನಮ್ಮ ಕನ್ನಡ ಪುಸ್ತಕಗಳನ್ನು ತಾವು ರದ್ದಿಗೆ ಹಾಕಿಸಿದ್ದೀರಿ. ವರ್ಷವಿಡೀ ಒಬ್ಬರೂ ಅವನ್ನು ಮನೆಗೆ ಒಯ್ದಿಲ್ಲ ಎಂಬುದು ಕಾರಣವಂತೆ. ನಿಜ, ಒಯ್ದಿಲ್ಲ. ಆದರೆ ಒಯ್ದವರಿಲ್ಲ ಎಂಬುದನ್ನು ಓದಿದವರಿಲ್ಲ ಎಂದು ಓದಿಕೊಂಡಿರಲ್ಲ, ಇಷ್ಟು ದೊಡ್ಡ ಗ್ರಂಥಾಲಯ ನಡೆಸುವವರಿಗೆ ಇಷ್ಟು ಸಣ್ಣ ಓದು ತಪ್ಪಬಹುದೇ?

ಈ ಪತ್ರದ ಜಪಾನಿ ಪ್ರತಿ ನಿಮಗೆ ಈಗಾಗಲೇ ತಲುಪಿದೆ. ಬರೆದುಕೊಟ್ಟವರು ನನ್ನ ಗಂಡ ಪದ್ಮನಾಭ. ಆಫೀಸಿನಲ್ಲಿ ಕಲಿತ ಅವರ ಜಪಾನಿಗೆ ಎಷ್ಟು ವಿನಯವೆಂದರೆ, ನನ್ನ ದೂರು ಅವರ ಕೈದಾಟುವಷ್ಟರಲ್ಲಿ ಅಭಿನಂದನೆಯಾಗಿತ್ತು. ನೀವು ಮರಳಿ ಧನ್ಯವಾದ ಹೇಳಿ ಕಳಿಸಿದಾಗಲೇ ನನಗದು ತಿಳಿದದ್ದು. ಆದ್ದರಿಂದ ಸಿಟ್ಟಿನ ಮೂಲಪ್ರತಿಯನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ನಿಮಗೆ ಅರ್ಥವಾಗದಿದ್ದರೂ ಅಡ್ಡಿಯಿಲ್ಲ. ಅರ್ಥವಾಗುವ ನಾಲ್ಕು ಜನ ಸಾಕ್ಷಿಗಿರಲಿ.

ಭಾರತೀಯರೇ ತುಂಬಿರುವ ನಿಶಿ ಕಸಾಯಿ ಬಡಾವಣೆಯಲ್ಲಾಗಿದ್ದರೆ ನಮ್ಮವರ ದಂಡೇ ಬಂದು ನಿಮ್ಮೆದುರು ನಿಲ್ಲುತ್ತಿತ್ತು. ನಮ್ಮ ಬಡಾವಣೆಯಲ್ಲಿರುವುದು ಕನ್ನಡದ ಎರಡೇ ಮನೆ: ನಮ್ಮದು, ಗೆಳತಿ ಅನಸೂಯಾಳದು. ಆ ಪುಸ್ತಕಗಳು ಇಲ್ಲಿಗೆ ಬಂದದ್ದು ನಮ್ಮಿಬ್ಬರ ಸೂಟ್‌ಕೇಸಿನಲ್ಲಿ. ವಿಮಾನದಲ್ಲಿ ತೂಕ ಮೀರಿತೆಂದಾಗ ಅಮ್ಮ ಮಾಡಿಕೊಟ್ಟ ಸಾರಿನ ಪುಡಿಯನ್ನು ಬೆಂಗಳೂರಿನಲ್ಲೇ ಇಳಿಸಿ ಪುಸ್ತಕ ಉಳಿಸಿಕೊಂಡವಳು ನಾನು. ಮುಂದೆ ಬಹುಕಾಲ ನಮ್ಮ ಮನೆಯ ಸಾರಿನಲ್ಲಿ ಸಾರವಿರಲಿಲ್ಲ. ಅಷ್ಟು ಕಷ್ಟಪಟ್ಟು ತಂದದ್ದನ್ನು ಗ್ರಂಥಾಲಯಕ್ಕೇಕೆ ಕೊಟ್ಟಿರಿ, ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ, ಎನ್ನುವಿರಾ? ನನ್ನ ಮಗಳು ಶರಣ್ಯಾಗೆ ಐದು ವರ್ಷ. ಅವಳ ಪಾಲಿಗೆ ಕನ್ನಡವೆಂದರೆ ಹಲ್ಲುಜ್ಜು, ಬೇಗ ಉಣ್ಣು, ಶೂ ಹಾಕು ಎಂದು ಅಮ್ಮ ಗದರುವ ಭಾಷೆ. ಅದಕ್ಕೂ ಪುಸ್ತಕಗಳಿವೆ, ಅವೂ ಊರಿನ ಎಲ್ಲ ಪುಸ್ತಕಗಳ ಜೊತೆ ತಲೆಯೆತ್ತಿ ನಿಲ್ಲುತ್ತವೆ ಎಂಬುದನ್ನು ಅವಳು ಕಣ್ಣಾರೆ ನೋಡಲಿ ಎಂಬ ಆಸೆ. ನೀವು ಕಿಟಕಿಯ ಪಕ್ಕ ಮಕ್ಕಳ ಎತ್ತರಕ್ಕೆ ಒಂದು ಪುಟ್ಟ ಕಪಾಟು ಕೊಟ್ಟಿರಿ. ಅದಕ್ಕೆ ಈಗಲೂ ಋಣಿ.

ಇನ್ನು ಒಯ್ಯದ ಕಥೆ. ಹರಿದರೆ ಅದೇ ಪುಸ್ತಕದ ಹೊಸ ಪ್ರತಿ ತಂದುಕೊಡಬೇಕು ಎಂಬ ನಿಮ್ಮ ನಿಯಮವನ್ನು ನಾವು ಭಯಭಕ್ತಿಯಿಂದ ಓದಿದ್ದೆವು. ಅನಸೂಯಾಳ ಮಗ ವಿವೇಕ್ ಇನ್ನೂ ಪುಸ್ತಕವನ್ನು ಬಾಯಿಂದಲೇ ಓದುವ ವಯಸ್ಸಿನವನು. ವಿವೇಕ ಸದ್ಯಕ್ಕೆ ಹೆಸರಿನಲ್ಲಷ್ಟೇ ಇದೆ.

"ಮನೆಗೆ ಬೇಡ ಕಣೇ ಭಾನು," ಅಂದಿದ್ದಳು ಅನಸೂಯಾ. "ಇವ್ನು ಒಂದು ಪೇಜ್ ನುಂಗಿದ್ರೆ ಇನ್ನೊಂದು ಕಾಪಿ ಎಲ್ಲಿಂದ ತರೋಣ, ಬೀದಿ ಮೂಲೆ ಕೊಂಬಿನಿ ಅಂಗಡೀಲಿ ಸಿಗತ್ತಾ? ಇಲ್ಲೇ ಓದಿ ಇಲ್ಲೇ ಇಟ್ಬಿಡೋಣ."

ಹಾಗೆಯೇ ಮಾಡಿದೆವು. ಪ್ರತಿ ಶನಿವಾರ ಬಂದು, ಮಕ್ಕಳ ಕೈ ತೊಳೆಸಿ, ಮೆಲುದನಿಯಲ್ಲಿ ಓದಿ, ಪುಸ್ತಕಗಳನ್ನು ಮುಟ್ಟಿಯೇ ಇಲ್ಲವೇನೋ ಎಂಬಷ್ಟು ಒಪ್ಪವಾಗಿ ಜೋಡಿಸಿಟ್ಟು ಹೋಗುತ್ತಿದ್ದೆವು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜಪಾನಿಯಲ್ಲೇ ಉತ್ತರಿಸುವ ಶರಣ್ಯಾ ಆ ಮೂಲೆಯಲ್ಲಿ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದಳು.

"ಆನೆ ಎಲ್ಲಿ ಹೋಯ್ತು ಪುಟ್ಟಿ?"

"ಸ್ನಾನ ಮಾಡಕ್ಕೆ ಹೋಯ್ತು. ಬಟ್, ಟವೆಲ್ ಮರೆತೋಯ್ತು ಅಮ್ಮ. ಪಾಪ!"

ಟವೆಲ್ಲಿನ ಸಂಗತಿ ಪುಸ್ತಕದಲ್ಲಿರಲಿಲ್ಲ, ಸ್ವಾಮಿ. ನನ್ನ ಮಗಳು ಕನ್ನಡದಲ್ಲಿ ತಾನಾಗಿ ಹುಟ್ಟಿಸಿದ ಮೊದಲ ಸುಳ್ಳು ಅದು. ನಾನು ಎಷ್ಟು ಹಿಗ್ಗಿದೆನೆಂದು ಎರವಲು ಲೆಕ್ಕವಿಡುವ ನಿಮ್ಮ ಯಾವ ಯಂತ್ರ ಎಣಿಸಬಲ್ಲದು?

ನಡುವೆ ಮಕ್ಕಳಿಗೆ ಒಬ್ಬರ ಹಿಂದೊಬ್ಬರಿಗೆ ಜ್ವರ ಬಂದು ಕೆಲವು ವಾರ ಬರಲಾಗಲಿಲ್ಲ. ಮತ್ತೆ ಬಂದಾಗ ಆ ಕಪಾಟಿನಲ್ಲಿ ಕಾಗದದ ಕುಸುರಿ ಕಲಿಸುವ ಪುಸ್ತಕಗಳಿದ್ದವು. ಕೌಂಟರಿನ ಮೋರಿ ಸಾನ್ ನನ್ನನ್ನು ಕಂಡೊಡನೆ ಎದ್ದುನಿಂತು ತಲೆಬಾಗಿದರು. "ಬೇಕಾದವರು ಒಯ್ಯಲಿ ಅಂತ ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು, ಯಾರೂ ಒಯ್ಯಲಿಲ್ಲ" ಎಂದರು. ಆಮೇಲೆ, ಬಹಳ ಮೆಲ್ಲಗೆ: "ನೀವು ಪ್ರತಿ ವಾರ ಓದುವುದನ್ನು ನೋಡುತ್ತಿದ್ದೆ. ಮನೆಗೆ ಒಯ್ಯಿರಿ ಅಂದರೆ ಒತ್ತಾಯ ಮಾಡಿದಂತಾಗುತ್ತದೇನೋ ಎಂದು ಸುಮ್ಮನಿದ್ದೆ."

ಅವರ ಮೇಲೆ ಹೇಗೆ ಸಿಟ್ಟಾಗಲಿ? ಅವರು ಸಂಕೋಚಕ್ಕೆ ಹೇಳಲಿಲ್ಲ, ನಾವು ಸಂಕೋಚಕ್ಕೆ ಒಯ್ಯಲಿಲ್ಲ. ನಾವು ಪುಸ್ತಕ ಕಾಪಾಡಿದ್ದಕ್ಕೇ ಕಪಾಟು ಹೋಯಿತು. ಆದರೆ ತಮಗೆ ಯಾವ ಸಂಕೋಚವಿತ್ತು? ದಾನ ಕೊಟ್ಟವರ ಫೋನ್ ನಂಬರು ನಿಮ್ಮಲ್ಲಿತ್ತು. ಒಂದು ಮಾತು ಕೇಳಿದ್ದರೆ ನಿಮ್ಮ ಘನತೆಯ ಯಾವ ಪುಟ ಹರಿಯುತ್ತಿತ್ತು?

ಖಾಲಿ ಕೈಯಲ್ಲಿ ಹೊರಬರುವಾಗ ಶರಣ್ಯಾ ನನ್ನ ಸೆರಗಿಲ್ಲದ ಕೋಟಿನ ಅಂಚು ಹಿಡಿದು ಕೇಳಿದಳು: "ಅಮ್ಮಾ, ಕನ್ನಡ ಓವತ್ತಾ?" ಮುಗೀತಾ, ಎಂದು. ಅಳಲಿಲ್ಲ, ಹಟ ಮಾಡಲಿಲ್ಲ. ಐಸ್‌ಕ್ರೀಮ್ ಅಂಗಡಿ ಮುಚ್ಚಿತಾ ಎಂದು ಕೇಳುವ ಹಾಗೆ ಕೇಳಿದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳದವಳನ್ನು ಏನೆಂದು ಸಂತೈಸಲಿ?

ಮನೆಯಲ್ಲಿ ಉಳಿದಿರುವ ಒಂದೆರಡು ಕನ್ನಡ ಪುಸ್ತಕ ತೆರೆದರೆ ಈಗ ಅವಳು ಮೆಲ್ಲನೆ ಮುಚ್ಚುತ್ತಾಳೆ. ಜಪಾನಿ ಪುಸ್ತಕ ತಂದು ನನ್ನ ಮಡಿಲಲ್ಲಿಡುತ್ತಾಳೆ. ನಾನು ತಡವರಿಸುತ್ತ ಓದುತ್ತೇನೆ. ಅವಳು ತಿದ್ದುತ್ತಾಳೆ, ತುಂಬ ತಾಳ್ಮೆಯಿಂದ, ನನ್ನ ಬೆನ್ನು ತಟ್ಟಿ. ಬಾಲ್ಯದಿಂದ ಪುಸ್ತಕದ ಹುಳುವೆನಿಸಿಕೊಂಡವಳು ನಾನು. ಈಗ ಮಗಳ ಕಣ್ಣಲ್ಲಿ ಓದು ಬಾರದವಳು.

ನನ್ನ ಬೇಡಿಕೆ ಇಷ್ಟೇ. ಆ ಕಪಾಟನ್ನು ಮರಳಿ ಕೊಡಿ. ತುಂಬಿಸುವ ಹೊಣೆ ನಮ್ಮದು. ಪಕ್ಕದಲ್ಲೊಂದು ಬುಟ್ಟಿ ಇಡಿ. ಅಲ್ಲೇ ಓದಿದ ಪುಸ್ತಕಗಳನ್ನು ಅದರಲ್ಲಿ ಹಾಕುತ್ತೇವೆ, ಸಂಜೆ ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನು ಮೇಲೆ ಮನೆಗೂ ಒಯ್ಯುತ್ತೇವೆ, ವಿವೇಕ್ ತಿಂದರೆ ತಿನ್ನಲಿ. ಸಮಿತಿ ಕರೆಯಿರಿ, ಸಭೆ ನಡೆಸಿ, ಚಹಾ ಕುಡಿಯಿರಿ, ಆದರೆ ಬೇಗ ಮಾಡಿ. ಏಪ್ರಿಲ್‌ನಲ್ಲಿ ಅವಳು ಶಾಲೆಗೆ ಸೇರುತ್ತಾಳೆ. ಗ್ರಂಥಾಲಯಗಳು ಎಷ್ಟು ಕಾಲವಾದರೂ ಕಾಯಬಲ್ಲವು. ಐದು ವರ್ಷದ ಮಗು ಕಾಯುವುದಿಲ್ಲ, ಆರಾಗಿಬಿಡುತ್ತದೆ.

ಇಂತಿ,
ಎರವಲು ಪಡೆಯದೆಯೇ ದಿವಾಳಿಯಾದ
ಭಾನುಮತಿ