ಪೌಲಾಸಿ ಮೇಷ್ಟ್ರ ಹಾಡು ಆಚೆ ದಡ ಸೇರಿದ್ದು

ಮೇ 6, ಸೋಮವಾರ

ಶಾಲೆ ಮುಗಿಸಿ ಬಂದು ಮತ್ತೆ ಅದೇ ಕೆಲಸ. ಪೌಲಾಸಿ ಮೇಷ್ಟ್ರ ಹೊಸ ಹಾಡಿನ ಪಿಡಿಎಫ್. ಮುಂದಿನ ತಿಂಗಳ ಚರ್ಚ್ ಸಮಾವೇಶದಲ್ಲಿ ನಮ್ಮೂರ ತಂಡ ಹಾಡಬೇಕಾದದ್ದು. ಅರ್ಧ ಜನರ ಫೋನಿನಲ್ಲಿ ತೆರೆಯುವುದೇ ಇಲ್ಲ. ತೆರೆದರೆ ಸ್ವರದ ಅಂಕಿಗಳು ಸಾಲು ಬಿಟ್ಟು ಓಡುತ್ತವೆ. ಸ್ವರವನ್ನು ಅಂಕಿಯಲ್ಲೇ ಬರೆಯುವ ನಮ್ಮ ದ್ವೀಪದವರಿಗೆ ಒಂದು ಅಂಕಿ ಜಾರಿದರೂ ಹಾಡು ಕೆಟ್ಟಿತು. ಚಿತ್ರ ಮಾಡಿದರೆ ಅಲುಗುವುದಿಲ್ಲ.

ಒಂದು ವೆಬ್‌ಸೈಟು ‘ಇಲ್ಲಿ ಹಾಕಿ, ಉಚಿತವಾಗಿ ಚಿತ್ರ ಮಾಡಿಕೊಡುತ್ತೇವೆ’ ಅಂತು. ನಂಬಲಿಲ್ಲ. ಯಾರ ಕೈಗೆ ಹೋಗುತ್ತದೋ... ಲ್ಯಾಪ್‌ಟಾಪಿನಲ್ಲಿರುವ ಗಿಂಪ್ ಎಂಬ ಚಿತ್ರ ತಂತ್ರಾಂಶ ಸಾಕು. ಅದೂ ಬಿಟ್ಟಿಯೇ, ಆದರೆ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಪುಟಕ್ಕೊಂದು ಚಿತ್ರ. ವೈರ್ ಹಾಕಿ ನನ್ನ ಫೋನಿಗೆ. ಅಲ್ಲಿಂದ ಹಾಡುವವರಿಗೆ ಮಾತ್ರ.

ಮೇಷ್ಟ್ರು ಬಾಗಿಲವರೆಗೆ ಬಂದು ಹೇಳಿಹೋದರು: “ಲೆಸಿಯೆಲಿ, ಸಮಾವೇಶದ ತನಕ ಇದು ನಮ್ಮ ಬಾಯಲ್ಲೇ ಇರ್ಬೇಕು. ನನ್ನ ಹೆಂಡ್ತಿ ತೀರ್ಕೊಂಡ್ಮೇಲೆ ಬರೆದ ಮೊದಲ ಹಾಡಮ್ಮ.”

ಮೇ 15, ಬುಧವಾರ

ಪಾದ್ರಿಗಳು ಪ್ರಾರ್ಥನೆಗೆಂದು ಹಿನ್ನೀರಿನ ಆಚೆ ದಡದ ಊರಿಗೆ ಹೋಗಿದ್ದರು. ಅಲ್ಲಿನ ತಂಡ ಹಾಡುತ್ತಿತ್ತಂತೆ. ಮೇಷ್ಟ್ರ ಹಾಡು! ಕೊನೆಯ ಚರಣದ ಏರು ಸಹಿತ.

ಮೇಷ್ಟ್ರು ಕರಿಹಲಗೆಯ ಮೇಲಿನ ಅಂಕಿಗಳನ್ನೆಲ್ಲ ಒರೆಸಿ ಕೂತುಬಿಟ್ಟರು.

ಯಾರು? ನನ್ನಕ್ಕ ಮೆಲಿಯಾಮೆಯನ್ನು ಕೊಟ್ಟದ್ದೂ ಅದೇ ಊರಿಗೆ. ಆದರೆ ಅವಳಿಗೆ ಒಂದಕ್ಷರ ಕಳಿಸಿಲ್ಲ. ಉಳಿದದ್ದು ವೈನಿಕೋಲೋ. ತಂಡದಲ್ಲಿ ಬೇಸ್, ಅಂದರೆ ಕೆಳಗಿನ ದನಿ, ಹಾಡುವವನು. ಹೆಂಡತಿಯ ತವರು ಅಲ್ಲೇ. ಶನಿವಾರ ಬಂದರೆ ಅಲ್ಲೇ ಕಾವಾ ಬೇರಿನ ರಸ ಕುಡಿಯುತ್ತ ಕೂರುತ್ತಾನೆ. ಇವತ್ತು ಅಭ್ಯಾಸದಲ್ಲಿ ಎಲ್ಲರೂ ಮೇಷ್ಟ್ರನ್ನು ನೋಡುತ್ತಿದ್ದಾಗ ಅವನೊಬ್ಬ ಫೋನನ್ನು ಬೋರಲು ಹಾಕಿದ. ಯಾಕೆ?

ಮೇ 17, ಶುಕ್ರವಾರ

ಕೇಳಿಯೇಬಿಟ್ಟೆ. ಅಭ್ಯಾಸದಲ್ಲೇ, ಎಲ್ಲರ ಮುಂದೆ.

“ಹೋದ ಶನಿವಾರ ಎಲ್ಲಿದ್ದೆ, ವೈನಿಕೋಲೋ ಅಣ್ಣ?”

“ಮಾವನ ಮನೇಲಿ. ಯಾಕೆ, ಹಾಜರಿ ಹಾಕ್ತೀಯೇನು ಟೀಚರಮ್ಮ?”

“ಫೋನೂ ಜೊತೇಲಿತ್ತಲ್ಲ?”

“ಇಲ್ಲಪ್ಪ, ಹಂದಿ ಜೊತೆ ಕಟ್ಟಿಹಾಕಿ ಹೋಗಿದ್ದೆ.”

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

“ನಗಿಸಿ ಜಾರ್ಕೋಬೇಡ. ಹಾಡು ನಿನ್ನಿಂದ್ಲೇ ಹೋಗಿದೆ.”

ನಗು ನಿಂತಿತು. ಫೋನನ್ನು ನನ್ನ ಮುಂದಿಟ್ಟ. “ತಗೋ. ಎಲ್ಲಾ ನೋಡು.”

ಮುಟ್ಟಲಿಲ್ಲ. “ಅಳಿಸಿರ್ತೀಯ, ಇನ್ನೇನು ನೋಡೋದು?” ಅಂದೆ.

ಮರ್ಯಾದೆಗೆಂದು ಸೊಂಟಕ್ಕೆ ಸುತ್ತುವ ಚಾಪೆ ಬಿಗಿಮಾಡಿಕೊಂಡು ಎದ್ದುಹೋದ. ತಪ್ಪಿಲ್ಲದವನು ಹಾಗೆ ಹೋಗುತ್ತಾನೆಯೇ?

ಮೇ 22, ಬುಧವಾರ

ವೈನಿಕೋಲೋ ಇವತ್ತೂ ಬರಲಿಲ್ಲ. ಬೇಸ್ ಇಲ್ಲದೆ ಹಾಡು ಗಾಳಿಗೆ ಹಾರುತ್ತಿದೆ. ಮೇಷ್ಟ್ರು ಬೇರೆ ಹಾಡು ಹಾಡೋಣವೇ ಅಂದರು. ಯಾರೂ ನನ್ನ ಮುಖ ನೋಡಲಿಲ್ಲ. ನೋಡದಿದ್ದರೆ ಬೇಡ. ನಾನು ಹೇಳಿದ್ದು ಸರಿ.

ಮೇ 25, ಶನಿವಾರ

ಅಕ್ಕ ಬಂದಿದ್ದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆಯ ಪೊಟ್ಟಣ ತಂದಿದ್ದಳು. ಕೆಳಗಿಡುವ ಮೊದಲೇ ಶುರು.

“ಹಾಡು ಕಳ್ಸಿದ್ಯಲ್ಲ, ನಮ್ಮೋರೆಲ್ಲ ಅತ್ತೇಬಿಟ್ರು ಕಣೆ.”

“ಯಾವ ಹಾಡು?”

“ನಾಟಕ ಆಡ್ಬೇಡ. ಫೋಟೋ ಬಂತಲ್ಲ. ಎಲ್ಲಾರೂ ಹಾಡ್ಲಿ ಅಂತ ಕಳ್ಸಿದೀಯ ಅಂದ್ಕೊಂಡೆ.”

ಫೋನು ಕಸಿದು ನೋಡಿದೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಇಬ್ಬರೂ ಮಾಡಿಕೊಂಡ ಆಲ್ಬಂ. ನನ್ನ ಫೋನಿಗೆ ಬಂದ ಪ್ರತಿ ಚಿತ್ರವೂ ತಾನಾಗಿ ಅವಳಿಗೆ ಹೋಗುವಂತೆ. ಅಮ್ಮ ದಿಂಬಿಗೆ ಒರಗಿ ಕೂತದ್ದು, ಅಮ್ಮ ಗಂಜಿ ಕುಡಿದದ್ದು. ಅದರ ಕೆಳಗೆ ಹಾಡಿನ ಪುಟಗಳು.

ಪಿಡಿಎಫ್ ಆಗಿಯೇ ಬಿಟ್ಟಿದ್ದರೆ ಹೋಗುತ್ತಿರಲಿಲ್ಲ. ಚಿತ್ರ ಮಾಡಿದವಳು ನಾನು.

“ಯಾಕೆ, ಮುಖ ಹಿಂಗಾಯ್ತು?” ಅಂದಳು ಅಕ್ಕ. ಫೋನು ಅವಳಿಗೆ ವಾಪಸ್ ಕೊಟ್ಟೆ.

ಮೇ 27, ಸೋಮವಾರ

ಬೆಳಿಗ್ಗೆ ಮೇಷ್ಟ್ರಿಗೆ ಎಲ್ಲ ಹೇಳಿದೆ, ಅಕ್ಕನ ಊರವರು ಅತ್ತದ್ದನ್ನೂ.

“ಅತ್ರಂತಾ?”

“ಹೂಂ.”

“ಅವಳಿದ್ದಿದ್ರೂ ಅಳ್ತಿದ್ಳು.” ಆಮೇಲೆ: “ನನ್ನ ಹತ್ರ ಯಾಕೆ ಬಂದೆ? ಎಲ್ಲರ ಮುಂದೆ ಆಡಿದ ಮಾತು. ಎಲ್ಲರ ಮುಂದೇನೇ ವಾಪಸ್ ತಗೋ.”

ಸಂಜೆ ತಂಡದವರನ್ನೆಲ್ಲ ಕರೆದುಕೊಂಡು ವೈನಿಕೋಲೋ ಮನೆಗೆ ಹೋದೆ. ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ಅವನ ಮುಂದೆ ಹುಲ್ಲಿನ ಮೇಲೆ ಕೂತೆ. ತಲೆ ಎತ್ತಲಾಗಲಿಲ್ಲ.

“ಹಾಡು ಹೋಗಿದ್ದು ನನ್ನ ಫೋನಿಂದ, ಅಣ್ಣ. ಅಕ್ಕನ ಜೊತೆಗಿನ ಆಲ್ಬಂನಿಂದ. ನಿನ್ನನ್ನ ಅಂದಿದ್ದು ತಪ್ಪಾಯ್ತು.”

ಇನ್ನೊಂದು ಕಾಯಿ ಸುಲಿದ. “ನಿನ್ನ ಶಾಲೇಲೇ ನನ್ನ ಮಗಳಿಗೆ ಕಳ್ಳನ ಮಗಳು ಅಂದ್ರಂತೆ. ಗೊತ್ತಾ?”

ಗೊತ್ತಿರಲಿಲ್ಲ. ನನ್ನ ತರಗತಿಯ ಪಕ್ಕದ ಕೋಣೆ ಅವಳದು.

“ನಾಳೆ ಅವಳಿಗೂ ಹೇಳ್ತೀನಿ. ಮಕ್ಕಳ ಮುಂದೇನೇ.”

ಕೈ ಒರೆಸಿಕೊಂಡು ಫೋನು ತೆಗೆದ. ಬಯ್ಯುತ್ತಾನೆ ಅಂದುಕೊಂಡೆ. ನನ್ನ ಮುಂದೆ ಹಿಡಿದ.

“ಎರಡನೇ ಪುಟ ಮಸುಕು. ಇದು 3 ಓ, 8 ಓ? ದಿನಾ 8 ಅಂತ ಹಾಡ್ತಿದೀನಿ, ಕೂಡ್ತಾನೇ ಇಲ್ಲ.”

ದಿನಾ. ಒಬ್ಬನೇ.

“3,” ಅಂದೆ. “ಹೊಸದು ಮಾಡಿ ತರ್ತೀನಿ.”

“ಮೊದ್ಲು ಆ ಆಲ್ಬಂ ಬಾಗ್ಲು ಹಾಕು, ಟೀಚರಮ್ಮ.” ಯಾರೋ ನಕ್ಕರು. ಅವನು ನಗಲಿಲ್ಲ.

ಈಗ ಆಲ್ಬಂ ನಿಲ್ಲಿಸಿದ್ದೇನೆ. ಗಿಂಪ್ ತೆರೆದು ರೆಸಲ್ಯೂಶನ್ ಏರಿಸಿದ್ದೇನೆ. ಎರಡನೇ ಪುಟ ಬಂತು. 3 ಎಂಬುದು 3 ಆಗಿಯೇ ಕಾಣುತ್ತಿದೆ.

ಚರ್ಚಿನ ಕಡೆಯಿಂದ ಅಭ್ಯಾಸ ಶುರುವಾದ ಸದ್ದು. ಕೆಳಗಿನ ದನಿಯೊಂದು ಸೇರಿದೆ. ಅವನದೋ, ಬೇರೆ ಯಾರದೋ... ಕಿಟಕಿ ತೆಗೆದು ಕೇಳುತ್ತೇನೆ, ಎರಡನೇ ಪುಟದಲ್ಲಿ 3 ಬರುತ್ತದೋ ಎಂದು.